‘ಯಾರಿಗೆ’ ಎಂದಾಗಲೆಲ್ಲ ‘ಹೂಮ್’ ಅಲ್ಲ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಈಗ ಪಿಎಸ್‌ಸಿ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ‘ಯಾರು’ ಎಂದು ಬಂದರೆ ಇಂಗ್ಲಿಷಿನಲ್ಲಿ ‘ಹೂ’ (who), ‘ಯಾರನ್ನು’ ಅಥವಾ ‘ಯಾರಿಗೆ’ ಎಂದು ಬಂದರೆ ‘ಹೂಮ್’ (whom) ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಅದರಂತೆ ‘ಯಾರಿಗೆ ಉತ್ತರ ಗೊತ್ತು?’ ಎಂಬುದನ್ನು ‘ಹೂಮ್ ನೋಸ್ ದಿ ಆನ್ಸರ್?’ ಎಂದು ಬರೆದೆ, ತಪ್ಪೆಂದರು. ‘ಮೊದಲು ಬಂದವರಿಗೆ ಕೊಡು’ ಎಂಬ ಅರ್ಥದ ವಾಕ್ಯದಲ್ಲಿ ‘ಗಿವ್ ಇಟ್ ಟು ಹೂಮೆವರ್ ಕಮ್ಸ್ ಫಸ್ಟ್’ ಎಂದು ತುಂಬಿದೆ; ಅದೂ ತಪ್ಪಾಯಿತು. ಅತ್ತ ಟಿವಿಯಲ್ಲಿ ಇಂಗ್ಲಿಷರೇ ‘ಹೂ ಡಿಡ್ ಯು ಮೀಟ್?’ ಎಂದು ಧಾರಾಳವಾಗಿ ಹೇಳುತ್ತಾರೆ. ಹಾಗಾದರೆ ನಿಯಮ ಇದೆಯೋ ಇಲ್ಲವೋ? ಜತೆಗೊಂದು ಸಣ್ಣ ಸಂಶಯ: ಪ್ರಮಾಣಪತ್ರಗಳ ತಲೆಯಲ್ಲಿ ‘ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್’ ಎಂದು ಇರುತ್ತದಲ್ಲ, ಅದು ಸರಿಯೇ?

ಉತ್ತರ: ನಿಯಮ ಇದೆ. ಆದರೆ ನಿಮಗೆ ಹೇಳಿಕೊಟ್ಟದ್ದು ಆ ನಿಯಮವಲ್ಲ, ಅದನ್ನು ನೆನಪಿಡಲು ಯಾರೋ ಕಟ್ಟಿದ ಉಪಾಯ. ಉಪಾಯದ ಕುಂದು ಇಷ್ಟೇ: ಅದು ಕನ್ನಡ ವಾಕ್ಯದ ವಿಭಕ್ತಿಯನ್ನು ನೋಡಿ ಇಂಗ್ಲಿಷ್ ಪದವನ್ನು ತೀರ್ಮಾನಿಸುತ್ತದೆ. ‘ಹೂ’ ಬೇಕೋ ‘ಹೂಮ್’ ಬೇಕೋ ಎಂದು ಹೇಳುವ ಅಧಿಕಾರ ಇಂಗ್ಲಿಷ್ ಕ್ರಿಯಾಪದಕ್ಕೆ ಮಾತ್ರ ಸೇರಿದ್ದು. ಎರಡೂ ಭಾಷೆಗಳ ಕ್ರಿಯಾಪದಗಳು ಒಂದೇ ರೀತಿ ನಡೆದುಕೊಳ್ಳುವಲ್ಲಿ ಉಪಾಯ ಫಲಿಸುತ್ತದೆ. ಬೇರೆಯಾಗಿ ನಡೆದುಕೊಳ್ಳುವಲ್ಲಿ ಕೈಕೊಡುತ್ತದೆ. ನಿಮಗೆ ಕೈಕೊಟ್ಟ ಜಾಗ ಕನ್ನಡದವರಿಗೆಲ್ಲ ಕೈಕೊಡುವ ಜಾಗವೇ.

ಮೊದಲು ಫಲಿಸುವ ಕಡೆಯನ್ನು ನೋಡೋಣ. ‘ಯಾರು ಕರೆದರು?’ ಎಂದರೆ ‘ಹೂ ಕಾಲ್ಡ್?’ ‘ಯಾರನ್ನು ಕರೆದಿರಿ?’ ಎಂದರೆ ‘ಹೂಮ್ ಡಿಡ್ ಯು ಕಾಲ್?’ ಕರೆಯುವ ಕೆಲಸ ಮಾಡಿದವರು ‘ಹೂ’, ಆ ಕೆಲಸಕ್ಕೆ ಗುರಿಯಾದವರು ‘ಹೂಮ್’. ಈ ಭೇದವನ್ನು ಕನ್ನಡದವರಿಗೆ ಕಲಿಸಬೇಕಾಗಿಯೇ ಇಲ್ಲ. ‘ಪುಸ್ತಕ ಓದಿದೆ’, ‘ನೀರು ಕುಡಿದೆ’ ಎಂದು ವಸ್ತುಗಳ ವಿಷಯದಲ್ಲಿ ನಾವು ದ್ವಿತೀಯಾ ವಿಭಕ್ತಿಯನ್ನು ಸಲೀಸಾಗಿ ಬಿಟ್ಟುಬಿಡುತ್ತೇವೆ. ಆದರೆ ‘ಯಾರನ್ನು ಕರೆದೆ?’ ಎಂಬುದನ್ನು ‘ಯಾರು ಕರೆದೆ?’ ಎಂದು ಮಕ್ಕಳೂ ಹೇಳುವುದಿಲ್ಲ. ತುಳುವಿನಲ್ಲಿ ಏರ್, ಏರೆನ್, ಏರೆಗ್. ನಮ್ಮ ನೆಲ ಕೇರಳಕ್ಕೆ ಸೇರಿದ 1956ರಿಂದೀಚೆ ಕಚೇರಿಯ ಕೆಲಸಗಳಿಗಾಗಿ ನಮ್ಮ ಜಿಲ್ಲೆಯವರು ರೂಢಿಸಿಕೊಂಡ ಮಲಯಾಳದಲ್ಲಿ ಆರ್, ಆರೆ, ಆರ್ಕ್ಕ್. ಮೂರು ಸ್ಥಾನಕ್ಕೆ ಮೂರು ರೂಪ. ಇಂಗ್ಲಿಷರ ಮಕ್ಕಳು ಪುಸ್ತಕ ನೋಡಿ ಕಲಿಯಬೇಕಾದ ಭೇದ ನಮಗೆ ಮನೆಯಲ್ಲೇ ಸಿಕ್ಕಿರುತ್ತದೆ.

ಆದರೆ ಇಂಗ್ಲಿಷಿನಲ್ಲಿ ರೂಪ ಎರಡೇ. ‘ಯಾರನ್ನು’, ‘ಯಾರಿಗೆ’ ಎರಡಕ್ಕೂ ‘ಹೂಮ್’ ಒಂದೇ ಏಕೆ ಎಂದು ನಿಮಗೆ ಅನ್ನಿಸಿರಬಹುದು. ಹಳೆಯ ಇಂಗ್ಲಿಷಿನಲ್ಲಿ ಮೂರೂ ಇದ್ದವು: ಪ್ರಥಮೆಗೆ ‘ಹ್ವಾ’, ದ್ವಿತೀಯೆಗೆ ‘ಹ್ವೊನೆ’, ಚತುರ್ಥಿಗೆ ‘ಹ್ವಾಮ್’. ಕಾಲಕ್ರಮದಲ್ಲಿ ದ್ವಿತೀಯೆಯ ರೂಪ ಬಿದ್ದುಹೋಗಿ, ಚತುರ್ಥಿಯ ರೂಪವೇ ಅದರ ಕೆಲಸವನ್ನೂ ಹೊತ್ತುಕೊಂಡಿತು. ‘ಹಿಮ್’, ‘ದೆಮ್’, ‘ಹೂಮ್’ ಮೂರರ ಕೊನೆಯಲ್ಲೂ ಇರುವ ಮಕಾರ ಆ ಚತುರ್ಥಿಯ ಗುರುತು. ಮಂಜೇಶ್ವರ, ಕುಂಬಳೆಯ ಕಡೆ ಕೊಂಕಣಿ ಆಡುವವರಿಗೆ ಇದು ಹೊಸದಲ್ಲ. ಅವರ ‘ಕೋಣಾಕ’ ಕೂಡ ‘ಯಾರನ್ನು’, ‘ಯಾರಿಗೆ’ ಎರಡಕ್ಕೂ ಸಲ್ಲುತ್ತದೆ. ಸಪ್ತಭಾಷೆಗಳ ನೆಲ ಎಂದು ಸಭೆಗಳಲ್ಲಿ ಹೊಗಳಿಕೊಳ್ಳುವ ನಾವು ಈ ಸಂಪತ್ತನ್ನು ಇಂಗ್ಲಿಷ್ ತರಗತಿಯಲ್ಲಿ ಒಮ್ಮೆಯೂ ಬಳಸುವುದಿಲ್ಲ ಎಂಬುದು ನನ್ನ ಹಳೆಯ ಸಿಟ್ಟು.

ಈಗ ಕೈಕೊಡುವ ಕಡೆ. ‘ಯಾರಿಗೆ ಗೊತ್ತು?’ ಎಂಬಲ್ಲಿ ತಿಳಿದಿರುವ ವ್ಯಕ್ತಿ ಕನ್ನಡದಲ್ಲಿ ಚತುರ್ಥಿಯಲ್ಲಿ ನಿಲ್ಲುತ್ತಾನೆ. ತಿಳಿವಳಿಕೆ ಅವನ ಬಳಿಗೆ ಬಂದು ಸೇರಿದ್ದು ಎಂಬಂತೆ ನಮ್ಮ ವಾಕ್ಯ ಕಟ್ಟಿಕೊಳ್ಳುತ್ತದೆ. ಇಂಗ್ಲಿಷಿನ ‘ನೋ’ ಹಾಗಲ್ಲ. ಅದಕ್ಕೆ ತಿಳಿಯುವುದೂ ಓಡುವುದು, ಹೊಡೆಯುವುದರಂತೆ ಒಬ್ಬ ಮಾಡುವ ಕೆಲಸ, ತಿಳಿದವನೇ ಕರ್ತೃ. ಆದ್ದರಿಂದ ‘ಹೂ ನೋಸ್?’ ಬೇಕು, ಇಷ್ಟ, ನೆನಪು, ಅರ್ಥ, ಹಸಿವು, ಜ್ವರ, ಸಿಗುವುದು, ಕೇಳಿಸುವುದು ಎಲ್ಲವೂ ಇದೇ ಕುಟುಂಬದವು. ಯಾರಿಗೆ ಚಹಾ ಬೇಕು? ‘ಹೂ ವಾಂಟ್ಸ್ ಟೀ?’ ಯಾರಿಗೆ ಜ್ವರ? ‘ಹೂ ಹ್ಯಾಸ್ ಫೀವರ್?’ ಯಾರಿಗೆ ಕೆಲಸ ಸಿಕ್ಕಿತು? ‘ಹೂ ಗಾಟ್ ದಿ ಜಾಬ್?’ ಯಾರಿಗೆ ಅರ್ಥವಾಯಿತು? ‘ಹೂ ಅಂಡರ್‌ಸ್ಟುಡ್?’ ಕನ್ನಡದಲ್ಲಿ ಪ್ರತಿಯೊಂದಕ್ಕೂ ‘ಗೆ’ ಇದೆ, ಇಂಗ್ಲಿಷಿನಲ್ಲಿ ಒಂದಕ್ಕೂ ಮಕಾರವಿಲ್ಲ.

ಇದು ಕನ್ನಡ ಮಾಧ್ಯಮದ ದೋಷ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಲಯಾಳದ ‘ಆರ್ಕ್ಕರಿಯಾಂ’, ತುಳುವಿನ ‘ಏರೆಗ್ ಗೊತ್ತು’, ಕೊಂಕಣಿಯ ‘ಕೋಣಾಕ ಗೊತ್ತು’ ಎಲ್ಲದರಲ್ಲೂ ತಿಳಿದವನು ಚತುರ್ಥಿಯಲ್ಲೇ ಇದ್ದಾನೆ. ಆ ಉಪಾಯವನ್ನು ಹಿಡಿದರೆ ಮಲಯಾಳ ಮಾಧ್ಯಮದ ಹುಡುಗನೂ ಇದೇ ಹೊಂಡಕ್ಕೆ ಬೀಳುತ್ತಾನೆ. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಇತ್ತು. ಇಂದಿನ ‘ಲೈಕ್’ ಕ್ರಿಯಾಪದದ ಹಳೆಯ ರೂಪದೊಂದಿಗೆ, ಇಷ್ಟಪಟ್ಟವನು ಚತುರ್ಥಿಯಲ್ಲಿ ಬರುತ್ತಿದ್ದ. ಹಳೆಯ ನಾಟಕಗಳಲ್ಲಿ ಕಾಣುವ ‘ಮಿಥಿಂಕ್ಸ್’ ಎಂಬ ಪದ ‘ನನಗೆ ಅನ್ನಿಸುತ್ತದೆ’ ಎಂಬ ಕಟ್ಟಿನ ಉಳಿಕೆಯೇ. ಆಮೇಲೆ ಇಂಗ್ಲಿಷ್ ಆ ದಾರಿಯನ್ನು ಬಿಟ್ಟಿತು, ನಾವು ಬಿಡಲಿಲ್ಲ.

ಈ ವ್ಯತ್ಯಾಸವನ್ನು ತಲೆಯಲ್ಲಿ ಕೂರಿಸಲು ನಾನು ವಿದ್ಯಾರ್ಥಿಗಳಿಗೆ ಕೊಡುವುದು ಒಂದೇ ವಾಕ್ಯ: ‘ಯಾರಿಗೆ ಯಾರು ಬೇಕು?’ ಇಂಗ್ಲಿಷಿನಲ್ಲಿ ಇದು ‘ಹೂ ವಾಂಟ್ಸ್ ಹೂಮ್?’ ಎಂದಾಗುತ್ತದೆ. ನಿಧಾನವಾಗಿ ನೋಡಿ. ನಮ್ಮ ‘ಯಾರಿಗೆ’ ಅಲ್ಲಿ ‘ಹೂ’ ಆಗಿದೆ, ನಮ್ಮ ‘ಯಾರು’ ಅಲ್ಲಿ ‘ಹೂಮ್’ ಆಗಿದೆ. ಪೂರ್ತಿ ಅದಲು ಬದಲು. ಫೋನಿನಲ್ಲಿ ‘ಯಾರು ಬೇಕಿತ್ತು?’ ಎಂದು ನಾವು ಪ್ರಥಮಾ ವಿಭಕ್ತಿಯಲ್ಲಿ ಕೇಳುವುದನ್ನು ವ್ಯಾಕರಣಬದ್ಧ ಇಂಗ್ಲಿಷಿನಲ್ಲಿ ‘ಹೂಮ್ ಡು ಯು ವಾಂಟ್?’ ಎಂದೇ ಕೇಳಬೇಕು. ಅಂದರೆ ‘ಯಾರು ಎಂದರೆ ಹೂ’ ಎಂಬ ನಿಮ್ಮ ಸೂತ್ರದ ಮೊದಲ ಅರ್ಧವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಕರಾವಳಿಯ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಅವರನ್ನು ಕೇಳಿ’ ಎನ್ನುವ ಬದಲು ನಾವು ‘ಅವರಲ್ಲಿ ಕೇಳಿ’ ಎನ್ನುತ್ತೇವೆ. ‘ಯಾರಲ್ಲಿ ಕೇಳಿದಿರಿ?’ ಎಂದರೆ ‘ಹೂಮ್ ಡಿಡ್ ಯು ಆಸ್ಕ್?’ ‘ಯಾರಲ್ಲಿ ಹಣ ಉಂಟು?’ ಎಂದರೆ ‘ಹೂ ಹ್ಯಾಸ್ ಮನಿ?’ ಒಂದೇ ‘ಯಾರಲ್ಲಿ’, ಉತ್ತರ ಎರಡು. ಇಲ್ಲಿ ‘ಆಸ್ಕ್’ ಜತೆಗೆ ‘ಟು’ ಸೇರಿಸಿ ‘ಆಸ್ಕ್ಡ್ ಟು ಹಿಮ್’ ಎಂದು ಬರೆಯುವವರೂ ಬಹಳ. ಆ ‘ಅಲ್ಲಿ’ ಎಂಬುದು ನಮ್ಮದು. ‘ಆಸ್ಕ್’ಗೆ ಅದರ ಅಗತ್ಯವಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಇಂಗ್ಲಿಷ್ ವಾಕ್ಯದಲ್ಲಿ ಕಾಲವನ್ನು ತೋರಿಸುವ ಕ್ರಿಯಾಪದವನ್ನು ಹುಡುಕಿ. ಅಂಥ ಪ್ರತಿಯೊಂದು ಕ್ರಿಯಾಪದಕ್ಕೂ ಒಬ್ಬ ಕರ್ತೃ ಇರಲೇಬೇಕು. ಕನ್ನಡದಲ್ಲಿ ‘ಬಂದೆ’ ಎಂದಷ್ಟೇ ಹೇಳಿ ‘ನಾನು’ ಎಂಬುದನ್ನು ಬಿಟ್ಟಂತೆ ಇಂಗ್ಲಿಷಿನಲ್ಲಿ ಬಿಡಲಾಗದು. ಬೇರೆ ಯಾರೂ ಕರ್ತೃವಾಗಿ ನಿಂತಿಲ್ಲದಿದ್ದರೆ ಆ ಸ್ಥಾನ ‘ಹೂ’ಗೆ. ಈಗಾಗಲೇ ‘ಐ’, ‘ಯು’, ‘ದೇ’ ಅಥವಾ ಒಂದು ಹೆಸರು ನಿಂತಿದ್ದರೆ ಉಳಿದವರು ‘ಹೂಮ್’. ಅನುಮಾನವಿದ್ದರೆ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಹೇಳಿಕೊಳ್ಳಿ: ‘ಹೀ’ ಬಂದರೆ ‘ಹೂ’, ‘ಹಿಮ್’ ಬಂದರೆ ‘ಹೂಮ್’. ‘ಹೀ ನೋಸ್ ದಿ ಆನ್ಸರ್’ ಎನ್ನುತ್ತೇವೆಯೇ ಹೊರತು ‘ಹಿಮ್ ನೋಸ್’ ಎನ್ನುವುದಿಲ್ಲ. ಉತ್ತರವನ್ನು ಕನ್ನಡದಲ್ಲಿ ಹೇಳಿಕೊಂಡರೆ ಮತ್ತೆ ‘ಅವನಿಗೆ’ ಬಂದು ನಿಮ್ಮನ್ನು ಎಳೆದೊಯ್ಯುತ್ತದೆ.

ಗೈಡುಗಳಲ್ಲಿ ಇನ್ನೊಂದು ಗುರುತು ಕೊಡುತ್ತಾರೆ: ‘ಡು’, ‘ಡಸ್’, ‘ಡಿಡ್’ ಕಂಡರೆ ‘ಹೂಮ್’ ಹಾಕಿ ಎಂದು. ‘ಹೂ ಟೀಚಸ್ ಯು?’, ‘ಹೂಮ್ ಡು ಯು ಟೀಚ್?’ ಎಂಬ ಜೋಡಿಯಲ್ಲಿ ಅದು ಸರಿ. ಆದರೆ ‘ಹೂ ಡಿಡ್ ನಾಟ್ ಕಮ್?’ ಎಂಬಲ್ಲಿ ‘ಡಿಡ್’ ಇದ್ದೂ ‘ಹೂ’ ಬಂದಿದೆ. ನಿಷೇಧಕ್ಕಾಗಿ ಬಂದ ‘ಡಿಡ್’ ಅದು, ಬಾರದೆ ಹೋದವನೇ ಕರ್ತೃ. ‘ಹೂಮ್ ಕ್ಯಾನ್ ವೀ ಟ್ರಸ್ಟ್?’ ಎಂಬಲ್ಲಿ ‘ಡು’ ಇಲ್ಲದೆಯೂ ‘ಹೂಮ್’ ಬಂದಿದೆ. ಗುರುತುಗಳ ಹಿಂದೆ ಓಡುವುದಕ್ಕಿಂತ ಕರ್ತೃವನ್ನು ಹುಡುಕುವುದೇ ಬೇಗ.

ಪರೀಕ್ಷೆಯಲ್ಲಿ ನಿಜವಾಗಿ ಬೆವರಿಳಿಸುವುದು ನಡುವೆ ‘ಐ ಥಿಂಕ್’, ‘ಯು ಥಿಂಕ್’, ‘ದೇ ಸೇ’ ನುಸುಳಿದಾಗ. 2016ರಲ್ಲಿ 89 ಮತಗಳ ಅಂತರದಲ್ಲಿ ಫಲಿತಾಂಶ ನಿಂತ ಮಂಜೇಶ್ವರದವರಿಗೆ ಚುನಾವಣೆಯ ಉದಾಹರಣೆಯೇ ಒಪ್ಪುತ್ತದೆ. ಯಾರು ಗೆಲ್ಲುತ್ತಾರೆಂದು ನಿಮ್ಮ ಎಣಿಕೆ? ‘ಹೂ ಡು ಯು ಥಿಂಕ್ ವಿಲ್ ವಿನ್?’ ‘ಡು’ ಇದೆ, ‘ಯು’ ಇದೆ, ಆದರೂ ‘ಹೂ’. ಕ್ರಿಯಾಪದಗಳನ್ನು ಬೇರೆ ಬೇರೆಯಾಗಿ ನೋಡಿ. ‘ಥಿಂಕ್’ಗೆ ‘ಯು’ ಕರ್ತೃ. ‘ವಿಲ್ ವಿನ್’ಗೆ? ಅಲ್ಲಿ ಯಾರೂ ಇಲ್ಲ, ಆದ್ದರಿಂದ ಆ ಸ್ಥಾನ ಪ್ರಶ್ನಾರ್ಥಕ ಪದಕ್ಕೆ ಸೇರಿತು. ಈಗ ಯಾರನ್ನು ಆರಿಸುತ್ತಾರೆಂದು ಕೇಳಿ: ‘ಹೂಮ್ ಡು ಯು ಥಿಂಕ್ ದೇ ವಿಲ್ ಇಲೆಕ್ಟ್?’ ಎರಡು ಕ್ರಿಯಾಪದಗಳಿಗೂ ಕರ್ತೃಗಳಿದ್ದಾರೆ, ಹಾಗಾಗಿ ‘ಹೂಮ್’. ಇಂಗ್ಲಿಷ್ ಪತ್ರಿಕೆಗಳ ವರದಿಗಾರರೂ ‘ದಿ ಮ್ಯಾನ್ ಹೂಮ್ ಪೊಲೀಸ್ ಸೇ ಈಸ್ ದಿ ಲೀಡರ್’ ಎಂದು ಬರೆಯುವುದನ್ನು ನೋಡುತ್ತೇವೆ. ಅದು ತಪ್ಪು. ‘ಈಸ್’ ಎಂಬುದಕ್ಕೆ ಕರ್ತೃ ಬೇಕು, ಅಲ್ಲಿ ‘ಹೂ’ ಇರಬೇಕು. ಅದೇ ವಾಕ್ಯವನ್ನು ‘ಹೂಮ್ ಪೊಲೀಸ್ ಬಿಲೀವ್ ಟು ಬಿ ದಿ ಲೀಡರ್’ ಎಂದು ತಿರುಗಿಸಿದರೆ ‘ಹೂಮ್’ ಸರಿಯಾಗುತ್ತದೆ, ಏಕೆಂದರೆ ‘ಟು ಬಿ’ ಕಾಲವನ್ನು ತೋರಿಸುವ ಕ್ರಿಯಾಪದವಲ್ಲ.

ಹೆಸರಿನ ಬೆನ್ನಿಗೆ ಬರುವ ಉಪವಾಕ್ಯಗಳಲ್ಲಿ ಕನ್ನಡ ಹೆಚ್ಚು ನೆರವಾಗುವುದಿಲ್ಲ, ಏಕೆಂದರೆ ನಾವು ಅಲ್ಲಿ ‘ಯಾರು’ ಎಂಬ ಪದವನ್ನು ಸಾಮಾನ್ಯವಾಗಿ ಬಳಸುವುದೇ ಇಲ್ಲ. ಕೃದಂತದಿಂದ ಕೆಲಸ ಮುಗಿಸುತ್ತೇವೆ. ‘ನನ್ನನ್ನು ನೋಡಿದ ಡಾಕ್ಟರು’, ‘ನಾನು ನೋಡಿದ ಡಾಕ್ಟರು’. ಮೊದಲನೆಯದರಲ್ಲಿ ನೋಡಿದವರು ಡಾಕ್ಟರು, ಆದ್ದರಿಂದ ‘ದಿ ಡಾಕ್ಟರ್ ಹೂ ಸಾ ಮಿ’. ಎರಡನೆಯದರಲ್ಲಿ ನೋಡಿದ್ದು ನಾನು, ಆದ್ದರಿಂದ ‘ದಿ ಡಾಕ್ಟರ್ ಹೂಮ್ ಐ ಸಾ’. ಇಷ್ಟು ಸುಲಭ. ಕಷ್ಟ ಬರುವುದು ಕೃದಂತ ವಿಭಕ್ತಿಯನ್ನು ನುಂಗಿದಾಗ. ‘ನಾನು ಮಾತನಾಡಿದ ಅಧಿಕಾರಿ’ ಎಂದರೆ ಅಧಿಕಾರಿಯ ಜತೆ ಮಾತನಾಡಿದೆ ಎಂದರ್ಥ, ಆದರೆ ಆ ‘ಜತೆ’ ಕನ್ನಡದಲ್ಲಿ ಕಾಣುವುದಿಲ್ಲ. ಅದನ್ನೇ ನೆಚ್ಚಿ ‘ದಿ ಆಫೀಸರ್ ಹೂಮ್ ಐ ಸ್ಪೋಕ್’ ಎಂದು ಬರೆದರೆ ಇಂಗ್ಲಿಷ್ ಕುಂಟುತ್ತದೆ. ‘ಟು ಹೂಮ್ ಐ ಸ್ಪೋಕ್’ ಎನ್ನಬೇಕು, ಅಥವಾ ‘ಹೂಮ್’ ಅನ್ನೇ ಬಿಟ್ಟು ‘ದಿ ಆಫೀಸರ್ ಐ ಸ್ಪೋಕ್ ಟು’ ಎನ್ನಬೇಕು. ಮಾತಿನಲ್ಲಿ ಎರಡನೆಯದೇ ಸಹಜ.

ಇನ್ನು ‘ಹೂಎವರ್’. ಇಲ್ಲಿ ನಿಮ್ಮ ಉಪಾಯ ಬೇರೆಯೇ ರೀತಿಯಲ್ಲಿ ಸೋತಿತು. ‘ಮೊದಲು ಬಂದವರಿಗೆ’ ಎಂಬ ‘ಗೆ’ಯನ್ನು ನೋಡಿ, ಅತ್ತ ‘ಟು’ ಕೂಡ ಇದ್ದುದರಿಂದ, ‘ಹೂಮೆವರ್’ ಎಂದಿರಿ. ಆದರೆ ಅದೇ ಮಾತನ್ನು ಕನ್ನಡದ ಇನ್ನೊಂದು ಕಟ್ಟಿನಲ್ಲಿ ಹೇಳಿ ನೋಡಿ: ‘ಯಾರು ಮೊದಲು ಬರುತ್ತಾರೋ ಅವರಿಗೆ ಕೊಡು.’ ನಮ್ಮ ವಾಕ್ಯ ಎರಡು ಪದಗಳನ್ನು ಬಳಸಿ ಎರಡು ಕೆಲಸಗಳನ್ನು ಬಿಡಿಸಿಟ್ಟಿದೆ. ‘ಯಾರು’ ಬರುವ ಕೆಲಸದ ಕರ್ತೃ, ‘ಅವರಿಗೆ’ ಕೊಡುವ ಕೆಲಸಕ್ಕೆ ಸೇರಿದ್ದು. ಇಂಗ್ಲಿಷಿನ ‘ಹೂಎವರ್’ ಈ ಎರಡನ್ನೂ ಒಂದೇ ಪದದಲ್ಲಿ ತುರುಕಿದೆ, ಆದರೆ ರೂಪವನ್ನು ಪಡೆಯುವುದು ‘ಯಾರು’ ಕಡೆಯಿಂದ ಮಾತ್ರ. ‘ಟು’ ಎಂಬುದು ಇಡೀ ಉಪವಾಕ್ಯವನ್ನು ಆಳುತ್ತದೆಯೇ ಹೊರತು ಆ ಒಂದು ಪದವನ್ನಲ್ಲ. ಆದ್ದರಿಂದ ‘ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್’. ಬದಲಿಗೆ ‘ನೀವು ಯಾರನ್ನು ಆರಿಸುತ್ತೀರೋ ಅವರಿಗೆ ಕೊಡಿ’ ಎಂದಿದ್ದರೆ ‘ಟು ಹೂಮೆವರ್ ಯು ಚೂಸ್’. ಈ ಒಂದು ಜಾಗದಲ್ಲಿ ಮಾತ್ರ ಕನ್ನಡಕ್ಕೆ ತಿರುಗಿಸಿ ನೋಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ‘ಯಾರು–ಅವರು’ ಜೋಡಿಯಷ್ಟು ಸ್ವಚ್ಛವಾದ ಸಾಧನ ಇಂಗ್ಲಿಷ್ ವ್ಯಾಕರಣಗಳಲ್ಲಿ ಇಲ್ಲ. ‘ಗೊತ್ತು’, ‘ಬೇಕು’ ಕುಟುಂಬದ ಕ್ರಿಯೆ ಬಂದರೆ ಮಾತ್ರ ಹಿಂದಿನ ಎಚ್ಚರಿಕೆ ಮತ್ತೆ ಅನ್ವಯಿಸುತ್ತದೆ: ‘ಯಾರಿಗೆ ಬೇಕೋ ಅವರಿಗೆ ಕೊಡು’ ಎಂಬುದು ‘ಹೂಎವರ್ ವಾಂಟ್ಸ್ ಇಟ್’.

‘ಆಮ್’, ‘ಈಸ್’, ‘ಆರ್’ ಬಂದಾಗ ಸ್ವಲ್ಪ ನಿಲ್ಲಿ. ‘ಐ ನೋ ಹೂ ಯು ಆರ್’ ಎಂಬಲ್ಲಿ ‘ಆರ್’ಗೆ ‘ಯು’ ಕರ್ತೃವಾಗಿದೆ, ಹಾಗಾದರೆ ‘ಹೂಮ್’ ಆಗಬೇಕಲ್ಲ ಎನ್ನಿಸಬಹುದು. ಆಗುವುದಿಲ್ಲ, ಇರುವಿಕೆಯ ಕ್ರಿಯಾಪದಕ್ಕೆ ಕರ್ಮವೇ ಇಲ್ಲ, ಅದರ ಎರಡೂ ಬದಿಯಲ್ಲಿ ಒಬ್ಬನೇ ವ್ಯಕ್ತಿ. ಇಲ್ಲಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ಯೇಸು ಶಿಷ್ಯರನ್ನು ಕೇಳುವ ಪ್ರಶ್ನೆ ‘ಹೂಮ್ ಸೇ ಯೀ ದಟ್ ಐ ಆಮ್?’ ಎಂದಿದೆ. ಕಟ್ಟುನಿಟ್ಟಿನ ವ್ಯಾಕರಣದ ಪ್ರಕಾರ ಅಲ್ಲಿ ‘ಹೂ’ ಬೇಕು. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ, ಮುಂದೆ ಲಂಡನ್ನಿನ ಬಿಷಪ್ಪರಾದ ರಾಬರ್ಟ್ ಲೌತ್ ಇದನ್ನು ತಪ್ಪೆಂದೇ ಎತ್ತಿ ತೋರಿಸಿದರು. ತಪ್ಪಿನ ಮೂಲವೂ ಊಹಿಸಬಹುದಾದದ್ದೇ: ಮೂಲ ಗ್ರೀಕ್ ವಾಕ್ಯದಲ್ಲಿ ‘ಯಾರು’ ಎಂಬ ಪದ ದ್ವಿತೀಯಾ ವಿಭಕ್ತಿಯಲ್ಲಿದೆ, ಆ ಭಾಷೆಯ ಕಟ್ಟಿಗೆ ಅದು ಸರಿ. ಭಾಷಾಂತರಕಾರರು ಗ್ರೀಕಿನ ವಿಭಕ್ತಿಯನ್ನು ಇಂಗ್ಲಿಷಿಗೆ ಹೊತ್ತು ತಂದರು, ನೀವು ಕನ್ನಡದ ವಿಭಕ್ತಿಯನ್ನು ಹೊತ್ತು ತಂದ ಹಾಗೆ. ‘ನನ್ನನ್ನು ಯಾರೆಂದು ಹೇಳುತ್ತೀರಿ?’ ಎನ್ನುವ ಕನ್ನಡದಲ್ಲಿ ‘ಯಾರು’ ಪ್ರಥಮೆಯಲ್ಲೇ ಇದೆ ಎಂಬುದನ್ನೂ ಗಮನಿಸಿ.

ಟಿವಿಯವರ ‘ಹೂ ಡಿಡ್ ಯು ಮೀಟ್?’ ಬಗ್ಗೆ. ಅವರು ತಪ್ಪು ಮಾಡುತ್ತಿಲ್ಲ. ಮಾತಿನ ಇಂಗ್ಲಿಷ್ ವಾಕ್ಯದ ಮೊದಲ ಜಾಗದಲ್ಲಿ ‘ಹೂ’ವನ್ನೇ ಬಹಳ ಕಾಲದಿಂದ ಇಷ್ಟಪಡುತ್ತಿದೆ, ಷೇಕ್ಸ್‌ಪಿಯರನ ನಾಟಕಗಳಲ್ಲೇ ಕರ್ಮದ ಸ್ಥಾನದಲ್ಲಿ ‘ಹೂ’ ಸಿಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1921ರಲ್ಲಿ, ಇನ್ನು ಇನ್ನೂರು ವರ್ಷಗಳೊಳಗೆ ‘ಹೂಮ್ ಡಿಡ್ ಯು ಸೀ?’ ಎಂದು ಮಹಾ ವಿದ್ವಾಂಸರಾದ ನ್ಯಾಯವಾದಿಗಳೂ ಹೇಳಲಾರರು ಎಂದು ಬರೆದರು. ಅದರಲ್ಲಿ ಅರ್ಧ ಕಾಲ ಕಳೆದಿದೆ. ಮಾತಿನ ಮಟ್ಟಿಗೆ ಅವರ ಭವಿಷ್ಯ ನಿಜವಾಗುವ ಹಾದಿಯಲ್ಲೇ ಇದೆ, ಬರಹದಲ್ಲಿ ‘ಹೂಮ್’ ಇನ್ನೂ ಗಟ್ಟಿಯಾಗಿದೆ.

ನಿಮಗೆ ನನ್ನ ಸಲಹೆ ಹೀಗೆ. ಪರೀಕ್ಷೆಯಲ್ಲಿ ನಿಯಮವನ್ನು ಪೂರ್ತಿ ಪಾಲಿಸಿ. ಅಂಕ ಕೊಡುವವರ ಬಳಿ ಸಪೀರರ ವಾದ ನಡೆಯುವುದಿಲ್ಲ. ಸಂದರ್ಶನದಲ್ಲಿ ಮಾತನಾಡುವಾಗ ಪ್ರಶ್ನೆಯನ್ನು ‘ಹೂ’ ಎಂದು ಆರಂಭಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಪ್ರಿಪೊಸಿಷನ್ ಬೆನ್ನಿಗೇ ಬಂದರೆ ಮಾತಿನಲ್ಲೂ ಬರಹದಲ್ಲೂ ‘ಹೂಮ್’ ಮಾತ್ರ: ‘ವಿತ್ ಹೂಮ್’, ‘ಫ್ರಮ್ ಹೂಮ್’, ‘ಫಾರ್ ಹೂಮ್’. ‘ಅವರಲ್ಲಿ ಇಬ್ಬರು’, ‘ಅವರಲ್ಲಿ ಹೆಚ್ಚಿನವರು’ ಎಂಬರ್ಥದಲ್ಲಿ ಉಪವಾಕ್ಯ ಜೋಡಿಸುವಾಗ ‘ಟೂ ಆಫ್ ಹೂಮ್’, ‘ಮೋಸ್ಟ್ ಆಫ್ ಹೂಮ್’ ಬಿಟ್ಟರೆ ಗತಿಯಿಲ್ಲ, ಪರೀಕ್ಷಕರಿಗೆ ಈ ಜಾಗ ಬಹಳ ಪ್ರಿಯ. ಯಾವುದು ಸರಿ ಎಂದು ತೋಚದೆ ಹೋದರೆ ‘ಹೂ’ ಎಂದೇ ಬರೆಯಿರಿ. ‘ಹೂಮ್’ ಇರಬೇಕಾದಲ್ಲಿ ‘ಹೂ’ ಇದ್ದರೆ ಓದುವವನು ಸಡಿಲ ಬರಹ ಎಂದುಕೊಂಡಾನು. ‘ಹೂ’ ಇರಬೇಕಾದಲ್ಲಿ ‘ಹೂಮ್’ ಇದ್ದರೆ, ಪಾಂಡಿತ್ಯ ತೋರಿಸಲು ಹೋಗಿ ಜಾರಿದರು ಎಂದುಕೊಳ್ಳುತ್ತಾನೆ.

ಪ್ರಮಾಣಪತ್ರದ ತಲೆಬರಹ ಸರಿಯಾಗಿದೆ. ಅದಕ್ಕೆ ಕಾರಣ ಮುಂದೆ ‘ಟು’ ಇದೆ ಎಂಬುದಲ್ಲ. ‘ಇಟ್ ಮೇ ಕನ್ಸರ್ನ್’ ಎಂಬಲ್ಲಿ ‘ಇಟ್’ ಕರ್ತೃವಾಗಿ ನಿಂತಿದೆ, ಸಂಬಂಧಪಟ್ಟವರು ‘ಕನ್ಸರ್ನ್’ ಕ್ರಿಯೆಯ ಕರ್ಮ; ಆದ್ದರಿಂದ ‘ಹೂಮ್‌ಸೋಎವರ್’. ಇದೇ ಪತ್ರವನ್ನು ತಾವೇ ಟೈಪು ಮಾಡಿಕೊಂಡು ‘ಟು ಹೂಮ್‌ಸೋಎವರ್ ಈಸ್ ಕನ್ಸರ್ನ್ಡ್’ ಎಂದು ಬದಲಾಯಿಸುವವರಿದ್ದಾರೆ. ಅಲ್ಲಿ ‘ಈಸ್’ಗೆ ಕರ್ತೃ ಬೇಕಾಗುತ್ತದೆ, ಮಕಾರ ಬಿಟ್ಟುಹೋಗಬೇಕು. ‘ಸೋಎವರ್’ ಎಂಬ ಬಾಲವಿಲ್ಲದೆ ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂದರೂ ಸಾಕು. ಹೊರದೇಶಗಳಲ್ಲಿ ಸಾಮಾನ್ಯವಾಗಿ ಬಳಸುವುದು ಅದನ್ನೇ.